ಅಜ್ಜನ ಅಜ್ಜ ಯಾರು? ಓದುಗರ ಪ್ರಶ್ನೆ, ಬಲ್ಲವರ ಉತ್ತರ

ಊರಿನ ಇತಿಹಾಸ, ಮನೆತನದ ವಂಶಾವಳಿ ಹುಡುಕುವ ಹವ್ಯಾಸದ ಬಗ್ಗೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಿದ್ದೇವೆ. ಹೆಸರು ಬಿಟ್ಟು ಊರು ಮಾತ್ರ ಹಾಕಿದ್ದೇವೆ.

ಅಜ್ಜನ ಹೆಸರು ಗೊತ್ತು, ಮುತ್ತಜ್ಜನ ಹೆಸರು ಕೇಳಿ ಗೊತ್ತು. ಅದರಾಚೆ ಮನೆಯಲ್ಲಿ ಯಾರಿಗೂ ತಿಳಿಯದು. ಊರಲ್ಲಿ ಸ್ವಲ್ಪ ಹೊಲ ಇನ್ನೂ ನಮ್ಮ ಹೆಸರಲ್ಲೇ ಇದೆ. ಎಲ್ಲಿಂದ ಶುರು ಮಾಡಲಿ? (ತಿಪಟೂರು)

ಹೊಲದಿಂದಲೇ ಶುರು ಮಾಡಿ. ಜನ ಮರೆತದ್ದನ್ನು ಕಂದಾಯ ಇಲಾಖೆ ಮರೆತಿರುವುದಿಲ್ಲ. ಯಾರು ಸತ್ತರು, ಅವರ ಜಮೀನು ಯಾರಿಗೆ ಹೋಯಿತು ಎಂದು ಬರೆದಿಡುವುದೇ ಅದರ ಕೆಲಸ.

ಮೊದಲು ಈಗಿನ ಪಹಣಿ ತೆಗೆದು ಸರ್ವೆ ನಂಬರ್, ಹಿಸ್ಸಾ ನಂಬರ್, ವಿಸ್ತೀರ್ಣ ಬರೆದುಕೊಳ್ಳಿ. ಭೂಮಿ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಏರಿದ್ದು 2000ದ ಆಸುಪಾಸಿನಲ್ಲಿ. ಅದಕ್ಕೂ ಹಿಂದಿನದು ಬೇಕಿದ್ದರೆ ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಹಾಕಬೇಕು. ಅರ್ಜಿಯಲ್ಲಿ 'ಹಳೇ ದಾಖಲೆ ಕೊಡಿ' ಎಂದು ಬರೆದರೆ 'ಲಭ್ಯವಿಲ್ಲ' ಎಂಬ ಹಿಂಬರಹ ಬರುವುದೇ ಹೆಚ್ಚು. ಗ್ರಾಮ, ಹೋಬಳಿ, ಸರ್ವೆ ನಂಬರ್ ಹಾಕಿ, ಇಂಥ ಸಾಲಿನಿಂದ ಇಂಥ ಸಾಲಿನವರೆಗಿನ ಕೈಬರಹದ ಪಹಣಿ, ಆ ನಂಬರಿನ ಎಲ್ಲ ಮ್ಯುಟೇಶನ್ (ಖಾತೆ ಬದಲಾವಣೆ, ಎಂ.ಆರ್.) ನಕಲು, ಐ.ಎಲ್. ಮತ್ತು ಆರ್.ಆರ್. ನಕಲು ಎಂದು ಬಿಡಿಸಿ ಕೇಳಿ. ಐ.ಎಲ್. ಎಂದರೆ ಇಂಡೆಕ್ಸ್ ಆಫ್ ಲ್ಯಾಂಡ್ಸ್, ಆರ್.ಆರ್. ಎಂದರೆ ರೆಕಾರ್ಡ್ ಆಫ್ ರೈಟ್ಸ್. ಐ.ಎಲ್.ನಲ್ಲಿ ಸರ್ವೆ ನಂಬರಿನ ಮುಂದೆ ಆರ್.ಆರ್. ನಂಬರ್ ಇರುತ್ತದೆ. ಆ ನಂಬರ್ ಹಿಡಿದು ಆರ್.ಆರ್. ತೆಗೆಸಿದರೆ ಜಮೀನು ಯಾರಿಗೆ, ಯಾವ ಮೂಲದಿಂದ ಬಂತು ಎಂಬುದು ಸಿಗುತ್ತದೆ.

ವಂಶಾವಳಿಗೆ ಚಿನ್ನದ ಗಣಿ ಎಂದರೆ ಪೌತಿ ಮ್ಯುಟೇಶನ್, ಅಂದರೆ ಖಾತೆದಾರ ಸತ್ತ ಮೇಲೆ ವಾರಸುದಾರರ ಹೆಸರಿಗೆ ಆಗುವ ಖಾತೆ ಬದಲಾವಣೆ. ಅದರ ಬರಹ ಸುಮಾರಾಗಿ ಹೀಗಿರುತ್ತದೆ: 'ಖಾತೆದಾರ ಸಿದ್ದೇಗೌಡ ಬಿನ್ ಕರೀಗೌಡ ಪೌತಿಯಾದ್ದರಿಂದ ವಾರಸುದಾರರಾದ ಮಕ್ಕಳು 1. ಕರೀಗೌಡ 2. ನಂಜೇಗೌಡ, ಹೆಂಡತಿ ಚಿಕ್ಕಮ್ಮ ಕೋಂ ಲೇಟ್ ಸಿದ್ದೇಗೌಡ...' ಒಂದೇ ಸಾಲಿನಲ್ಲಿ ಮೂರು ತಲೆಮಾರು ಬಂತು. 'ಬಿನ್' ಎಂದರೆ ಇಂಥವರ ಮಗ, 'ಕೋಂ' ಎಂದರೆ ಇಂಥವರ ಹೆಂಡತಿ. ಈ ಸಾಲಿನ ಕರೀಗೌಡರಲ್ಲಿ ಒಬ್ಬ ಅಜ್ಜ, ಇನ್ನೊಬ್ಬ ಮೊಮ್ಮಗ ಎಂಬುದನ್ನು ಗಮನಿಸಿ. ಆ ತೊಡಕಿಗೆ ಮುಂದೆ ಬರುತ್ತೇವೆ.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಪೌತಿ ಖಾತೆಯಾದ ವರ್ಷವನ್ನೇ ಸಾವಿನ ವರ್ಷ ಎಂದು ಬರೆದುಕೊಳ್ಳಬೇಡಿ. ಅಣ್ಣತಮ್ಮಂದಿರು ಒಟ್ಟಿಗಿದ್ದ ಮನೆಗಳಲ್ಲಿ ಯಜಮಾನ ಸತ್ತು ಹದಿನೈದು ಇಪ್ಪತ್ತು ವರ್ಷವಾದ ಮೇಲೆ, ಪಾಲಾಗುವ ಹೊತ್ತಿಗೆ ಅಥವಾ ಸಾಲಕ್ಕೆ ಪಹಣಿ ಬೇಕಾದಾಗ ಖಾತೆ ಬದಲಾಗಿರುತ್ತದೆ. 'ಇಷ್ಟರೊಳಗೆ ಸತ್ತಿದ್ದರು' ಎಂದಷ್ಟೇ ಹೇಳಬಹುದು. ಇನ್ನೊಂದು, ಹಳೆಯ ವಾರಸು ಪಟ್ಟಿಯಲ್ಲಿ ಹೆಣ್ಣುಮಕ್ಕಳನ್ನು ಬಿಡುವುದು ಮಾಮೂಲಾಗಿತ್ತು. ಪಟ್ಟಿಯಲ್ಲಿಲ್ಲದ ಮಾತ್ರಕ್ಕೆ ಅಂಥ ಮಗಳೇ ಇರಲಿಲ್ಲ ಎಂದಲ್ಲ.

ವಿಸ್ತೀರ್ಣವನ್ನು ಕೂಡಿ ನೋಡುವ ಅಭ್ಯಾಸ ಮಾಡಿಕೊಳ್ಳಿ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಮೂಲ ನಂಬರ್ 4 ಎಕರೆ 12 ಗುಂಟೆ, ಅದರಲ್ಲಿ 12 ಗುಂಟೆ ಖರಾಬು (ಸಾಗುವಳಿಗೆ ಬಾರದ ನೆಲ) ಎಂದಿಟ್ಟುಕೊಳ್ಳಿ. ಈಗ ಮೂರು ಹಿಸ್ಸಾಗಳಿದ್ದು 1-10, 1-10, 1-20 (ಎಕರೆ-ಗುಂಟೆ) ಇದ್ದರೆ ಲೆಕ್ಕ ಸರಿಹೋಯಿತು, ಇದು ಮೂವರು ಅಣ್ಣತಮ್ಮಂದಿರ ಪಾಲು ಇರಬಹುದು. ಒಬ್ಬನಿಗೆ ಮಾತ್ರ ಹತ್ತು ಗುಂಟೆ ಹೆಚ್ಚು ಯಾಕೆ? ಹಿರಿಯನಿಗೆ ಕೊಟ್ಟ ಜ್ಯೇಷ್ಠಭಾಗವೋ, ತಮ್ಮನಿಂದ ಕೊಂಡದ್ದೋ? ಹುಡುಕಿದರೆ ಪಾರೀಖತ್ತೋ (ಪಾಲಿನ ಪತ್ರ) ಕ್ರಯಪತ್ರವೋ ಸಿಗುತ್ತದೆ. ಬರೀ 1-10, 1-10 ಸಿಕ್ಕಿ ಲೆಕ್ಕ ತುಂಬದಿದ್ದರೆ ನೀವು ಕಾಣದ ಮೂರನೆಯ ಕವಲು ಒಂದಿದೆ ಎಂದರ್ಥ. ಎಷ್ಟೋ ಮನೆತನಗಳ 'ಊರು ಬಿಟ್ಟು ಹೋದ ಚಿಕ್ಕಪ್ಪ' ಸಿಕ್ಕಿರುವುದು ಈ ಕೂಡಿಸುವ ಲೆಕ್ಕದಲ್ಲೇ.

ಪಾಲು, ಕ್ರಯ, ಅಡಮಾನ ನೋಂದಣಿಯಾಗಿದ್ದರೆ ಉಪನೋಂದಣಿ ಕಚೇರಿಯಲ್ಲಿ ದಾಖಲೆ ಇರುತ್ತದೆ. ಸ್ಥಿರಾಸ್ತಿ ಪತ್ರಗಳ 1ನೇ ಪುಸ್ತಕ ಮತ್ತು ಅದರ ಸೂಚಿಯನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಕಾನೂನಿನಲ್ಲೇ ಆ ಅವಕಾಶವಿದೆ. ಉಯಿಲುಗಳ 3ನೇ ಪುಸ್ತಕಕ್ಕೆ ಮಾತ್ರ ಆ ಅನುಕೂಲ ಇಲ್ಲ. ಕ್ರಯಪತ್ರದಲ್ಲಿ ಚೆಕ್ಕುಬಂದಿ (ನಾಲ್ಕು ದಿಕ್ಕಿನ ಎಲ್ಲೆಯ ವಿವರ) ಬಿಡದೆ ಓದಿ. 'ಪೂರ್ವಕ್ಕೆ ಇಂಥವರ ಜಮೀನು' ಎಂದಿರುವ ಹೆಸರು ಬಹಳ ಸಲ ದಾಯಾದಿಯದೇ ಆಗಿರುತ್ತದೆ.

ನಮಗೆ ಜಮೀನೇ ಇರಲಿಲ್ಲ. ಹಿರಿಯರು ಊರ ಚಾಕರಿ, ಕೂಲಿ ಮಾಡಿಕೊಂಡಿದ್ದವರು. ನಮ್ಮಂಥವರಿಗೆ ದಾಖಲೆ ಎಲ್ಲಿಂದ? (ಚಳ್ಳಕೆರೆ)

ಇರುವುದಿಲ್ಲ ಎಂದು ಮೊದಲೇ ಕೈಬಿಡಬೇಡಿ. ತಳವಾರ, ತೋಟಿ, ನೀರಗಂಟಿ ಕೆಲಸಗಳಿಗೆ ಸರ್ಕಾರ ಚಾಕರಿ ಇನಾಂ ಭೂಮಿ ಬಿಟ್ಟಿತ್ತು. ಈ ವಂಶಪಾರಂಪರ್ಯ ಹುದ್ದೆಗಳು 1963ರ ಫೆಬ್ರುವರಿ 1ರಿಂದ ರದ್ದಾದವು. ಆ ಭೂಮಿಯನ್ನು ಹಿಂದಿನ ಚಾಕರಿದಾರರಿಗೇ ಮತ್ತೆ ಮಂಜೂರು ಮಾಡುವ 'ರೀಗ್ರಾಂಟ್' ಕಡತಗಳು ಹುಟ್ಟಿದ್ದು ಆಗ. ತಾನೇ ವಾರಸುದಾರ ಎಂದು ತೋರಿಸಲು ಅರ್ಜಿದಾರರು ಅದರಲ್ಲಿ ವಂಶವೃಕ್ಷ ಹಾಕಿರುತ್ತಾರೆ, ಪಕ್ಕದ ಮನೆಯವರು ಅದನ್ನು ತಕರಾರು ಮಾಡಿರುತ್ತಾರೆ. ತಕರಾರು ಇದ್ದಷ್ಟೂ ನಮಗೆ ಲಾಭ, ಎರಡೂ ಕಡೆಯವರು ಹಿರಿಯರ ಹೆಸರು ಹೇಳಿರುತ್ತಾರೆ.

ಹಿರಿಯರು ಬೇರೆಯವರ ಜಮೀನು ಗೇಣಿಗೆ ಮಾಡಿದ್ದರೆ 1974ರ ಭೂಸುಧಾರಣೆ ತಿದ್ದುಪಡಿಯ ನಂತರ ಭೂನ್ಯಾಯಮಂಡಳಿಗೆ ಹಾಕಿದ 7ನೇ ನಮೂನೆ ಅರ್ಜಿ ನೋಡಿ. ಎಷ್ಟು ವರ್ಷದಿಂದ, ತಂದೆಯ ಕಾಲದಿಂದಲೋ ಅಜ್ಜನ ಕಾಲದಿಂದಲೋ ಎಂಬ ಹೇಳಿಕೆ ಕಡತದಲ್ಲಿ ಇರುತ್ತದೆ. ದರಖಾಸ್ತಿನಲ್ಲಿ ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಸಾಗುವಳಿ ಚೀಟಿ ಇರುತ್ತದೆ.

ಇನ್ನು ಶಾಲೆಯ ದಾಖಲಾತಿ ರಿಜಿಸ್ಟರ್. ಹಳೆಯ ಪ್ರಾಥಮಿಕ ಶಾಲೆಗಳ ಬೀರುವಿನಲ್ಲಿ ಸ್ವಾತಂತ್ರ್ಯಕ್ಕಿಂತ ಮುಂಚಿನ ಪುಸ್ತಕಗಳೂ ಉಳಿದಿರುವುದುಂಟು. ತಂದೆ ಅಥವಾ ಪೋಷಕರ ಹೆಸರು, ಕಸುಬು, ವಾಸದ ಊರು, ಬಿಟ್ಟುಹೋದ ಕಾರಣ ಎಲ್ಲ ಅದರಲ್ಲಿರುತ್ತದೆ. ಹುಟ್ಟಿದ ತಾರೀಖನ್ನು ಮಾತ್ರ ನಂಬಬೇಡಿ. ಮಕ್ಕಳ ವಯಸ್ಸನ್ನು ಕಣ್ಣಂದಾಜಿನಲ್ಲಿ ನೋಡಿ ಮೇಷ್ಟ್ರು ಜೂನ್ 1 ಎಂದೋ ಜುಲೈ 1 ಎಂದೋ ಬರೆದುಬಿಡುತ್ತಿದ್ದರು. ಒಂದೇ ಪುಟದಲ್ಲಿ ಎಂಟು ಹತ್ತು ಮಕ್ಕಳು ಒಂದೇ ದಿನ ಹುಟ್ಟಿದ್ದರೆ ಅದು ಮೇಷ್ಟ್ರ ಲೆಕ್ಕ ಎಂದು ತಿಳಿಯಿರಿ.

ಜನಗಣತಿ ಪಟ್ಟಿಯಲ್ಲಿ ನೋಡಬಹುದೇ ಎಂದು ಹಲವರು ಕೇಳುತ್ತಾರೆ. ಇಂಗ್ಲೆಂಡಿನಲ್ಲಿ ಮನೆಮನೆಯ ಹಳೆಯ ಜನಗಣತಿ ಹಾಳೆ ನೋಡಲು ಸಿಗುತ್ತದೆ, ನಮ್ಮಲ್ಲಿ ಸಿಗುವುದಿಲ್ಲ. ಒಟ್ಟು ಅಂಕಿಸಂಖ್ಯೆಗಳಷ್ಟೇ ಪ್ರಕಟವಾಗುತ್ತವೆ. ಅದರ ಹಿಂದೆ ಬಿದ್ದು ಕಾಲ ಕಳೆಯಬೇಡಿ.

ನಮ್ಮ ಕಡೆ ಹೆಳವರು ಬಂದು ಹತ್ತು ತಲೆಮಾರಿನ ಹೆಸರು ಹೇಳುತ್ತಾರೆ. ಅದನ್ನು ಎಷ್ಟು ನಂಬಬಹುದು? (ಹಾವೇರಿ)

ಮನೆ ಬಾಗಿಲಿಗೆ ಬಂದು ಗಂಟೆ ಬಾರಿಸಿ ನಿಮ್ಮ ಮನೆತನದ ಮೂಲ ಊರು, ಬೆಡಗು (ಕುಲದ ಒಳಪಂಗಡ), ಕವಲು ಬಿಡಿಸಿ ಹೇಳುವವರು ಇನ್ನೂ ಬರುತ್ತಾರೆ ಎಂದರೆ ಪುಣ್ಯವಂತರು ನೀವು. ಎತ್ತಿನ ಮೇಲೆ ಬರುತ್ತಿದ್ದವರು ಈಗ ಬೈಕಿನಲ್ಲಿ ಬಂದರೂ ಪುಸ್ತಕ ಅದೇ. ಒಂದೊಂದು ಹೆಳವ ಮನೆತನಕ್ಕೆ ಇಂತಿಷ್ಟು ಊರು, ಇಂತಿಷ್ಟು ಒಕ್ಕಲು ಎಂದು ಹಂಚಿಕೆ ಇರುತ್ತದೆ. ಕೆಲವು ವರ್ಷಕ್ಕೊಮ್ಮೆ ಬಂದು, ಹಿಂದಿನ ಸಲದ ನಂತರ ಹುಟ್ಟಿದವರ ಹೆಸರು ಸೇರಿಸಿಕೊಂಡು, ಕಾಳುಕಡಿ ಬಟ್ಟೆ ದಕ್ಷಿಣೆ ಪಡೆದು ಹೋಗುತ್ತಾರೆ.

ನಂಬಿಕೆಯನ್ನು ಪರೀಕ್ಷೆ ಮಾಡಿ ನೋಡಬಹುದು. ನಿಮಗೆ ಖಚಿತವಾಗಿ ಗೊತ್ತಿರುವ ಕೆಳಗಿನ ಮೂರು ತಲೆಮಾರನ್ನು ನೀವು ಬಾಯಿ ಬಿಡದೆ ಅವರಿಂದಲೇ ಹೇಳಿಸಿ. ಅಲ್ಲಿ ಅಣ್ಣತಮ್ಮಂದಿರ ಕ್ರಮ, ಮಕ್ಕಳಿಲ್ಲದೆ ಸತ್ತವರು, ದತ್ತು ಹೋದವರು ಸರಿಬಂದರೆ ಮೇಲಿನ ನಾಲ್ಕೈದು ತಲೆಮಾರಿಗೂ ಬೆಲೆ ಕೊಡಬಹುದು. ತೀರ ಮೇಲಕ್ಕೆ ಹೋದಂತೆ ಕಥೆಯ ಪಾಲು ಹೆಚ್ಚುತ್ತದೆ. 'ಕಲ್ಯಾಣದಿಂದ ಬಂದವರು' ಎಂಬುದು ನೂರಾರು ಮನೆತನಗಳಿಗೆ ಹೇಳುವ ಮಾತು. ನಡುವೆ ಬರುವ ಚಿಕ್ಕ ಊರುಗಳೇ ಹೆಚ್ಚು ಬೆಲೆಯುಳ್ಳವು. 'ಇಂಥ ಊರಲ್ಲಿ ಎರಡು ತಲೆಮಾರು ಇದ್ದು ಬರಕ್ಕೆ ಎದ್ದು ಬಂದರು' ಎಂದರೆ ಆ ಊರಿಗೆ ಹೋಗಿ ನೋಡಿ. ಮನೆದೇವರ ಗುಡಿ ಅಲ್ಲಿದ್ದರೆ, ಅದೇ ಬೆಡಗಿನವರು ಈಗಲೂ ಅಲ್ಲಿದ್ದರೆ ಮಾತಿಗೆ ಆಧಾರ ಸಿಕ್ಕಂತಾಯಿತು.

ಅವರ ಪುಸ್ತಕದ ಫೋಟೊ ತೆಗೆಯುವ ಮುಂಚೆ ಕೇಳಿ. ಅದು ಅವರ ಅನ್ನ. ಬೇಡವೆಂದರೆ ಓದುವಾಗ ಧ್ವನಿ ಮುದ್ರಿಸಿಕೊಳ್ಳಲು ಒಪ್ಪಿಸಿ, ಎಂದಿನ ದಕ್ಷಿಣೆಗಿಂತ ಕೈ ಬಿಚ್ಚಿ ಕೊಡಿ.

ಗಯಾ, ಕಾಶಿ, ತ್ರ್ಯಂಬಕೇಶ್ವರಗಳಲ್ಲಿ ತೀರ್ಥಪುರೋಹಿತರ ಬಳಿಯೂ ಇಂಥ ವಹಿಗಳಿವೆ. ಅಲ್ಲಿ ಹುಡುಕುವುದು ಊರಿನ ಹೆಸರಿನ ಮೇಲೆ. ಈಗಿನ ವಿಳಾಸ ಹೇಳಿದರೆ ಪ್ರಯೋಜನವಿಲ್ಲ, ಯಾತ್ರೆಗೆ ಹೋದ ಹಿರಿಯರು ಯಾವ ಊರಿನವರೆಂದು ಹೇಳಿಕೊಂಡಿದ್ದರೋ ಅದನ್ನೇ ಹೇಳಬೇಕು. ಶ್ರಾದ್ಧ ಮಾಡುವ ಮನೆಗಳಲ್ಲಿ ತರ್ಪಣದ ಹೆಸರುಗಳನ್ನು ಬರೆದಿಟ್ಟ ಚೀಟಿ ಇರುತ್ತದೆ, ತಂದೆಯ ಕಡೆ ಮೂರು ತಲೆಮಾರು, ತಾಯಿಯ ತವರಿನ ಕಡೆ ಮೂರು. ಅಜ್ಜನ ಕಾಲದ ಚೀಟಿ ಸಿಕ್ಕರೆ ಇನ್ನೆರಡು ತಲೆಮಾರು ಮೇಲಕ್ಕೆ ಹತ್ತಿದಂತೆ.

ನಮ್ಮ ಊರ ಕೆರೆ ಏರಿಯ ಮೇಲೆ ಅಕ್ಷರವಿರುವ ಕಲ್ಲೊಂದಿದೆ. ಸುಣ್ಣ ಬಳಿದು ಬಳಿದು ಏನೂ ಕಾಣುವುದಿಲ್ಲ. ಓದುವುದು ಹೇಗೆ? (ಮಾಗಡಿ)

ಓದುವ ಮೊದಲು ಇದನ್ನು ಬೇರೆಯವರು ಆಗಲೇ ಓದಿದ್ದಾರೆಯೇ ನೋಡಿ. ಬಿ.ಎಲ್. ರೈಸ್ ಅವರ ಶಾಸನ ಸಂಪುಟಮಾಲೆ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟ ಬಂದದ್ದು 1886ರಲ್ಲಿ. ಹಳೆಯ ಮೈಸೂರು ಸೀಮೆಯ ಸಾವಿರಾರು ಶಾಸನಗಳು ಅದರಲ್ಲಿ ಜಿಲ್ಲೆ, ತಾಲ್ಲೂಕು, ಸಂಖ್ಯೆ ಎಂಬ ಕ್ರಮದಲ್ಲಿವೆ. ಹಳೆಯ ಆವೃತ್ತಿಯಲ್ಲಿ ನಿಮ್ಮ ಮಾಗಡಿ ಬರುವುದು 9ನೇ ಸಂಪುಟದಲ್ಲಿ, ಅದು ಆಗಿನ ಬೆಂಗಳೂರು ಜಿಲ್ಲೆ. ಹಾಗೆಯೇ 10 ಕೋಲಾರ, 11 ಚಿತ್ರದುರ್ಗ, 12 ತುಮಕೂರು, 5 ಹಾಸನ, 7 ಮತ್ತು 8 ಶಿವಮೊಗ್ಗ, 6 ಕಡೂರು (ಈಗಿನ ಚಿಕ್ಕಮಗಳೂರು). ಚಿಕ್ಕಬಳ್ಳಾಪುರದವರು ಕೋಲಾರದಲ್ಲಿ ಹುಡುಕಬೇಕು. ಮೈಸೂರು ವಿಶ್ವವಿದ್ಯಾನಿಲಯ ಆಮೇಲೆ ತಂದ ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟದ ಸಂಖ್ಯೆಯೂ ಶಾಸನದ ಸಂಖ್ಯೆಯೂ ಬೇರೆ. ಯಾವ ಆವೃತ್ತಿ ಎಂದು ಬರೆಯದೆ ಬರೀ ಸಂಖ್ಯೆ ಟಿಪ್ಪಣಿ ಮಾಡಿಕೊಂಡರೆ ಆರು ತಿಂಗಳ ನಂತರ ನಿಮಗೇ ಗೊಂದಲ.

ಅಚ್ಚಾಗಿದ್ದರೂ ಕಲ್ಲನ್ನು ನೋಡಿ. ನೂರು ವರ್ಷದ ಹಿಂದೆ ಓದಿದ್ದರಲ್ಲಿ ಬಿಟ್ಟ ಸಾಲು, ಮಣ್ಣಿನಲ್ಲಿ ಹೂತ ಭಾಗ, ಹಿಂಬದಿಯ ಬರಹ ಇರಬಹುದು. ಸುಣ್ಣ ತೆಗೆಯಲು ತಂತಿ ಬ್ರಷ್, ಉಳಿ, ಆಸಿಡ್ ಮುಟ್ಟಿಸಲೇಬೇಡಿ. ಆಸಿಡ್ ಸುಣ್ಣದ ಜೊತೆ ಕಲ್ಲಿನ ಮೈಯನ್ನೂ ತಿನ್ನುತ್ತದೆ. ಬರೀ ನೀರಿನಲ್ಲಿ ನೆನೆಸಿ, ಮೆತ್ತನೆಯ ಪ್ಲಾಸ್ಟಿಕ್ ಬ್ರಷ್ಷಿನಿಂದ ಮೆಲ್ಲಗೆ ಉಜ್ಜಿ, ಬಿಡದ ಪದರ ಇದ್ದರೆ ಹಾಗೇ ಬಿಡಿ. ಪೂಜೆ ನಡೆಯುವ ಕಲ್ಲಾದರೆ ಊರವರ ಒಪ್ಪಿಗೆಯಿಲ್ಲದೆ ಅಷ್ಟೂ ಮಾಡಬೇಡಿ. ಅಕ್ಷರಕ್ಕೆ ಸೀಮೆಸುಣ್ಣ ತುಂಬಿ ಓದುವ ಚಾಳಿ ಬಹಳ ಕಡೆ ಇದೆ. ನೀವು ತುಂಬಿದ್ದು ನೀವು ಅಂದುಕೊಂಡ ಅಕ್ಷರ. ಫೋಟೊದಲ್ಲಿ ಅದನ್ನು ನೋಡಿದವರಿಗೆ ಕಾಣುವುದು ನಿಮ್ಮ ಊಹೆ, ಕಲ್ಲಿನ ಬರಹ ಅಲ್ಲ.

ಬೆಳಕೇ ಒಳ್ಳೆಯ ಉಪಾಯ. ಕತ್ತಲಾದ ಮೇಲೆ ಹೋಗಿ ಮೊಬೈಲನ್ನು ಕಲ್ಲಿಗೆ ನೇರ ಎದುರಾಗಿ ಸ್ಟ್ಯಾಂಡಿನಲ್ಲಿ ನಿಲ್ಲಿಸಿ. ಟಾರ್ಚನ್ನು ಕಲ್ಲಿನ ಮೈಗೆ ಹೆಚ್ಚುಕಡಿಮೆ ಒರಗಿಸಿದಂತೆ, ಎಡಗಡೆಯಿಂದ ಅಡ್ಡಲಾಗಿ ಬಿಡಿ. ಸವೆದ ಗೀರಿನೊಳಗೆ ನೆರಳು ಬಿದ್ದು ಹಗಲಲ್ಲಿ ಕಾಣದ ಅಕ್ಷರ ಎದ್ದು ನಿಲ್ಲುತ್ತದೆ. ಕ್ಯಾಮೆರಾ ಅಲುಗಿಸದೆ ಬಲದಿಂದ, ಮೇಲಿನಿಂದ, ಕೆಳಗಿನಿಂದ ಒಂದೊಂದು ಚಿತ್ರ ತೆಗೆಯಿರಿ. ಒಂದೇ ದಿಕ್ಕಿನ ಬೆಳಕು ಆ ದಿಕ್ಕಿಗೇ ಸಾಗುವ ಗೀರನ್ನು ನುಂಗಿಬಿಡುತ್ತದೆ, ಕೊಂಬು, ಒತ್ತಕ್ಷರ ತಪ್ಪುವುದು ಅದರಿಂದ. ಪಕ್ಕದಲ್ಲಿ ಸ್ಕೇಲ್ ಇಡಿ, ಸಾಲುಗಳನ್ನು ಎಣಿಸಿ, ಅರ್ಧರ್ಧ ಅಡಿ ಭಾಗ ಮಾಡಿ ಹತ್ತಿರದ ಚಿತ್ರವನ್ನೂ ತೆಗೆಯಿರಿ.

ಕಾಲ ಕಟ್ಟುವುದು ಕಷ್ಟವಲ್ಲ. 'ಶಕವರುಷ 1434ನೆಯ ಆಂಗೀರಸ ಸಂವತ್ಸರ' ಎಂದಿದೆ ಎನ್ನಿ. 1434ಕ್ಕೆ 78 ಕೂಡಿಸಿದರೆ ಕ್ರಿ.ಶ. 1512, ಕೃಷ್ಣದೇವರಾಯನ ಕಾಲ. ಸಂವತ್ಸರ ತಾಳೆ ನೋಡಲು ಶಕವರ್ಷಕ್ಕೆ 12 ಕೂಡಿಸಿ 60ರಿಂದ ಭಾಗಿಸಿ: 1446ರಲ್ಲಿ ಉಳಿಯುವ ಶೇಷ 6. ಪ್ರಭವದಿಂದ ಎಣಿಸಿದರೆ ಆರನೆಯದು ಆಂಗೀರಸ, ತಾಳೆಯಾಯಿತು. (ಶೇಷ ಸೊನ್ನೆ ಬಂದರೆ 60ನೆಯದಾದ ಅಕ್ಷಯ.) ಕಲ್ಲಿನಲ್ಲಿ 1435 ಎಂದಿದ್ದು ಸಂವತ್ಸರ ಆಂಗೀರಸವೇ ಆಗಿದ್ದರೆ ಬರೆದವರು ಕಳೆದ ವರ್ಷವನ್ನು ಬಿಟ್ಟು ನಡೆಯುವ ವರ್ಷ ಎಣಿಸಿದ್ದಾರೆ. ಇಂಥ ಕಡೆ ಅಂಕಿಗಿಂತ ಸಂವತ್ಸರದ ಹೆಸರಿಗೆ ಹೆಚ್ಚು ಬೆಲೆ ಕೊಡಿ, ಅಂಕಿ ಸವೆದು 3 ಹೋಗಿ 2 ಆಗಬಹುದು, ಹೆಸರು ಅಷ್ಟು ಸುಲಭಕ್ಕೆ ಬದಲಾಗದು. ಪುಷ್ಯ, ಮಾಘ, ಫಾಲ್ಗುಣ ಮಾಸಗಳಾದರೆ ಇಂಗ್ಲಿಷ್ ವರ್ಷ ಮುಂದಿನದಾಗಿರಬಹುದು, 79 ಕೂಡಿಸಬೇಕಾಗುತ್ತದೆ.

ಅಕ್ಷರವೇ ಇಲ್ಲದ ಕಲ್ಲನ್ನೂ ಪಟ್ಟಿಗೆ ಸೇರಿಸಿ. ಮೂರು ಪಟ್ಟಿಕೆ ಇದ್ದು ಕೆಳಗೆ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗ, ಸೂರ್ಯಚಂದ್ರ ಇದ್ದರೆ ವೀರಗಲ್ಲು. ಬಳೆ ತೊಟ್ಟ, ಮೊಣಕೈ ಮಡಿಸಿ ಎತ್ತಿದ ಕೈ ಇದ್ದರೆ ಮಾಸ್ತಿಕಲ್ಲು, ಸತಿ ಹೋದವಳ ನೆನಪಿನ ಕಲ್ಲು. ಲಿಂಗಮುದ್ರೆಯ ಅಥವಾ ವಾಮನಮುದ್ರೆಯ ಕಲ್ಲು ದಾನ ಬಿಟ್ಟ ಭೂಮಿಯ ಎಲ್ಲೆಕಲ್ಲು, ಅದನ್ನು ಜಾಗದಿಂದ ಕಿತ್ತರೆ ಅರ್ಧ ಇತಿಹಾಸ ಹೋದಂತೆ. ಹೊಸ ಶಾಸನ ಎನಿಸಿದರೆ ಮೈಸೂರಿನಲ್ಲಿರುವ ಭಾರತೀಯ ಪುರಾತತ್ವ ಸರ್ವೇಕ್ಷಣೆಯ ಶಾಸನಶಾಸ್ತ್ರ ವಿಭಾಗಕ್ಕೆ ಚಿತ್ರ ಕಳಿಸಿ. ಬೆಂಗಳೂರು ಸುತ್ತಲಿನವರಾದರೆ ಮಿಥಿಕ್ ಸೊಸೈಟಿ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಡುವ ಕೆಲಸ ಮಾಡಿದೆ, ಅಲ್ಲೂ ವಿಚಾರಿಸಬಹುದು. ಮನೆಗೆ ಹೊತ್ತು ತರಬೇಡಿ. ನೂರು ವರ್ಷ ದಾಟಿದ ಕಲ್ಲಿನ ಬರಹ ಕಾನೂನಿನ ಪ್ರಕಾರ ಪುರಾವಸ್ತು.

ನಮ್ಮಲ್ಲಿರುವ ಹಳೆಯ ಕಾಗದ ಓದಲು ಬರುತ್ತಿಲ್ಲ. ಕನ್ನಡದ ಹಾಗೂ ಇಲ್ಲ, ಮರಾಠಿಯ ಹಾಗೂ ಇಲ್ಲ. ಲ್ಯಾಮಿನೇಶನ್ ಮಾಡಿಸಿಡಲೇ? (ಧಾರವಾಡ)

ಲ್ಯಾಮಿನೇಶನ್ ಬೇಡವೇ ಬೇಡ. ಬಿಸಿಗೆ ಕಾಗದ ಇನ್ನಷ್ಟು ಪೆಡಸಾಗುತ್ತದೆ, ಅಂಟು ಬಿಡಿಸಲು ಬರುವುದಿಲ್ಲ. ಸೆಲೊಟೇಪ್ ಕೂಡ ಅಷ್ಟೇ, ಕೆಲವು ವರ್ಷಕ್ಕೆ ಕಂದು ಪಟ್ಟಿ ಬಿಟ್ಟು ತಾನು ಉದುರುತ್ತದೆ. ಮಡಿಕೆ ಬಿಚ್ಚಿ ಚಪ್ಪಟೆಯಾಗಿ ಹರಡಿ, ತೊಳೆದು ಒಣಗಿಸಿದ ಹತ್ತಿಬಟ್ಟೆಯಲ್ಲಿ ಸುತ್ತಿ, ಗೋಡೆಗೆ ತಾಗದ ಕಡೆ ಇಡಿ. ಪಿನ್ನು, ರಬ್ಬರ್ ಬ್ಯಾಂಡ್ ತೆಗೆಯಿರಿ. ಮುಂಚೆಯೇ ಎರಡೂ ಬದಿ ಸ್ಕ್ಯಾನ್ ಮಾಡಿ, 300 ಡಿಪಿಐ ಸಾಕು, ಬರಹ ಚಿಕ್ಕದಿದ್ದರೆ 600. ಹಿಂಬದಿಯ ಖಾಲಿ ಪುಟದ ಮೂಲೆಯಲ್ಲೇ ಬಹಳ ಸಲ ತಾರೀಖು ಇರುತ್ತದೆ.

ಮುಂಬಯಿ ಪ್ರಾಂತ್ಯದಲ್ಲಿದ್ದ ಧಾರವಾಡದಲ್ಲಿ ಅಂಥ ಬರಹ ಎಂದರೆ ಹೆಚ್ಚಾಗಿ ಮೋಡಿ. ಭಾಷೆ ಮರಾಠಿ, ಲಿಪಿ ಕೈ ಎತ್ತದೆ ಓಡಿಸಿ ಬರೆಯುವಂಥದು. ಮೇಲೆ ಉದ್ದ ಗೆರೆ ಮೊದಲೇ ಎಳೆದು, ಅಕ್ಷರಗಳನ್ನು ಅದಕ್ಕೆ ನೇತುಹಾಕಿದಂತೆ ಬರೆದಿದ್ದರೆ ಅನುಮಾನವೇ ಬೇಡ. ಕಲಿಯಲು ಆರೇಳು ತಿಂಗಳು ಬೇಕು. ಅಲ್ಲಿಯವರೆಗೆ ಅಂಕಿ, ತಿಂಗಳು, ಊರ ಹೆಸರು ಗುರುತಿಸುವಷ್ಟು ಕಲಿತರೂ ಯಾವ ಕಾಗದ ಯಾವುದೆಂದು ವಿಂಗಡಿಸಬಹುದು. ನಿಮ್ಮ ಕಡೆಯ ಕಾಗದದಲ್ಲಿ ಬಿನ್, ಕೋಂ ಹುಡುಕಬೇಡಿ, ಮನುಷ್ಯನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಸಾಲಾಗಿ ಬರುತ್ತವೆ. ಮ್ಯುಟೇಶನ್ನಿಗೂ ಅಲ್ಲಿ 'ವಾರಸಾ ವರ್ದಿ' ಎಂದು ಕೇಳಿದರೆ ಬೇಗ ಅರ್ಥವಾಗುತ್ತದೆ.

ಕಪ್ಪು ಬಟ್ಟೆಯ ಮಡಿಕೆ ಪುಸ್ತಕ ಸಿಕ್ಕರೆ ಅದೇ ನಿಜವಾದ 'ಕಡತ'. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಗಟ್ಟಿ ಮಾಡಿ, ಬಳಪದಲ್ಲಿ ಬರೆದದ್ದು. ಒರೆಸಿದರೆ ಅಕ್ಷರ ಅಳಿಯುತ್ತದೆ! ಧೂಳು ಒರೆಸಲು ಹೋಗಿ ಇಡೀ ಲೆಕ್ಕವನ್ನೇ ಒರೆಸಿದವರಿದ್ದಾರೆ. ಮುಟ್ಟದೆ ಫೋಟೊ ತೆಗೆಯಿರಿ.

ಬಳ್ಳಾರಿ, ಮಂಗಳೂರು, ಕಲಬುರಗಿ ಮೂರೂ ಕಡೆ ನಮ್ಮ ನಂಟಿದೆ. ಹಳೆಯ ಸರ್ಕಾರಿ ದಾಖಲೆ ಎಲ್ಲಾ ಬೆಂಗಳೂರಿನಲ್ಲೇ ಸಿಗುತ್ತದೆಯೇ? (ಬೆಂಗಳೂರು)

ಇಲ್ಲ. 1956ಕ್ಕೆ (ಬಳ್ಳಾರಿಯಾದರೆ 1953ಕ್ಕೆ) ಮುಂಚೆ ಆ ಊರು ಯಾವ ಆಡಳಿತದಲ್ಲಿತ್ತೋ ಕಾಗದವೂ ಅಲ್ಲೇ. ಬಳ್ಳಾರಿ, ದಕ್ಷಿಣ ಕನ್ನಡದ ಮೇಲಿನ ಹಂತದ ಕಡತಗಳಿಗೆ ಚೆನ್ನೈನ ಎಗ್ಮೋರ್ ಪತ್ರಾಗಾರ. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡಕ್ಕೆ ಮುಂಬಯಿ ಮತ್ತು ಪುಣೆ (ಉತ್ತರ ಕನ್ನಡ 1862ರವರೆಗೆ ಮದರಾಸಿಗೆ ಸೇರಿತ್ತು, ಅದಕ್ಕೂ ಹಿಂದಿನದಕ್ಕೆ ಮತ್ತೆ ಚೆನ್ನೈ). ಕಲಬುರಗಿ, ಬೀದರ್, ರಾಯಚೂರಿಗೆ ಹೈದರಾಬಾದು, ಅಲ್ಲಿ ಉರ್ದು, ಪಾರ್ಸಿ. ಹಳೆಯ ಮೈಸೂರಿನದಕ್ಕೆ ಮಾತ್ರ ಬೆಂಗಳೂರಿನ ರಾಜ್ಯ ಪತ್ರಾಗಾರ ಮತ್ತು ಅದರ ಮೈಸೂರು ವಿಭಾಗ. ತಾಲ್ಲೂಕು ಮಟ್ಟದ ಪುಸ್ತಕಗಳು ಎಲ್ಲ ಕಡೆಯೂ ತಾಲ್ಲೂಕಿನಲ್ಲೇ ಉಳಿದಿವೆ, ಮೊದಲು ಅಲ್ಲಿ ನೋಡಿ ಆಮೇಲೆ ರೈಲು ಹತ್ತಿ.

ಹೈದರಾಬಾದ್, ಮದರಾಸ್ ಕಡೆಯ ಕಾಗದದಲ್ಲಿ 'ಫಸಲಿ' ಎಂಬ ಕಂದಾಯ ವರ್ಷ ಕಂಡರೆ 590 ಕೂಡಿಸಿ. ಫಸಲಿ 1350 ಎಂದರೆ 1940-41. ಮಂಗಳೂರಿನ ಪ್ರೊಟೆಸ್ಟಂಟ್ ಕುಟುಂಬಗಳಾದರೆ 1834ರಲ್ಲಿ ಬಂದ ಬಾಸೆಲ್ ಮಿಶನ್ನಿನ ದಾಖಲೆಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿವೆ. ಕೆಥೊಲಿಕರಿಗೆ ಇಗರ್ಜಿಯ (ಚರ್ಚಿನ) ದೀಕ್ಷಾಸ್ನಾನ, ಮದುವೆ, ಮರಣದ ಪುಸ್ತಕಗಳೇ ಆಧಾರ. 1784ರಲ್ಲಿ ಟಿಪ್ಪುವಿನ ಸೆರೆಯ ಕಾಲದಲ್ಲಿ ಇಗರ್ಜಿಗಳು ನೆಲಸಮವಾದ್ದರಿಂದ ಅದಕ್ಕೂ ಹಿಂದಿನದು ಸಿಗುವುದು ಅಪರೂಪ.

ನಮ್ಮದು ಅಳಿಯಸಂತಾನದ ಕುಟುಂಬ. ಮೊಬೈಲ್ ಆ್ಯಪ್‌ಗಳಲ್ಲಿ ವಂಶವೃಕ್ಷ ಬರೆಯಲು ಹೋದರೆ ಎಲ್ಲ ಅಡಿಮೇಲಾಗುತ್ತದೆ. (ಉಡುಪಿ)

ಆ್ಯಪ್ ತಂದೆಯ ಹೆಸರನ್ನು ಮನೆತನದ ಹೆಸರು ಎಂದುಕೊಳ್ಳುತ್ತದೆ, ನಿಮ್ಮಲ್ಲಿ ಬಳಿ (ಕುಲದ ಹೆಸರು) ಬರುವುದು ತಾಯಿಯಿಂದ. ಕಾಗದದ ಮೇಲೆ ಮೂಲ ಅಜ್ಜಿಯನ್ನು ತುದಿಯಲ್ಲಿಟ್ಟು ಒಬ್ಬೊಬ್ಬ ಮಗಳಿಗೂ ಒಂದೊಂದು ಕವರು (ಕವಲು) ಎಳೆಯಿರಿ, ಗಂಡುಮಕ್ಕಳನ್ನು ಅವರವರ ತಾಯಿಯ ಕವರಿನಲ್ಲೇ ನಿಲ್ಲಿಸಿ. ಅವರ ಮಕ್ಕಳು ಹೆಂಡತಿಯ ಕುಟುಂಬಕ್ಕೆ ಸೇರಿದವರು, ಅಡಿಯಲ್ಲಿ ಸೂಚನೆ ಸಾಕು. ಹಳೆಯ ಪಾಲುಪಟ್ಟಿ, ಕೋರ್ಟಿನ ತೀರ್ಪುಗಳಲ್ಲಿ ವಂಶಾವಳಿ ಇದೇ ಕ್ರಮದಲ್ಲಿರುತ್ತದೆ. ಯಜಮಾನಿಕೆ ಮಾವನಿಂದ ಅಳಿಯನಿಗೆ, ಅಂದರೆ ಅಕ್ಕತಂಗಿಯ ಮಗನಿಗೆ ಹೋದದ್ದನ್ನು ತಂದೆಯಿಂದ ಮಗನಿಗೆ ಎಂದು ಓದಿಬಿಟ್ಟರೆ ಅಲ್ಲಿಂದ ಮೇಲಿನದೆಲ್ಲ ತಪ್ಪು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲಿನ ಪತ್ರಗಳಲ್ಲಿ ಎರಡೂ ಕ್ರಮ ಕಲಸಿರುತ್ತದೆ, ಎಚ್ಚರ. ಕೊಡವರಲ್ಲಿ ಇದು ತಂದೆಯ ಕಡೆಯಿಂದಲೇ, ಒಕ್ಕದ (ಮನೆತನದ) ಹೆಸರು ಹಿಡಿದರೆ ಐನ್‌ಮನೆ (ಮೂಲ ಮನೆ) ಸಿಗುತ್ತದೆ.

ಒಂದೇ ಹೆಸರಿನವರು ಮೂರು ಜನ ಸಿಕ್ಕಿದ್ದಾರೆ. ಇವರಲ್ಲಿ ನಮ್ಮ ಮುತ್ತಜ್ಜ ಯಾರು? (ಕೊಪ್ಪಳ)

ಮೊದಲ ಮೊಮ್ಮಗನಿಗೆ ಅಜ್ಜನ ಹೆಸರಿಡುವ ಊರಲ್ಲಿ ಬಸಪ್ಪ, ಸಿದ್ದಪ್ಪ, ಬಸಪ್ಪ, ಸಿದ್ದಪ್ಪ ಎಂದು ಸರತಿ ಬರುತ್ತದೆ. ಇಬ್ಬರು ತಮ್ಮಂದಿರೂ ಅದೇ ಅಜ್ಜನ ಹೆಸರನ್ನು ತಮ್ಮ ಮಕ್ಕಳಿಗಿಟ್ಟಿದ್ದರೆ ಮೂವರು ಬಸಪ್ಪಂದಿರು. ಹೆಸರು, ತಂದೆಯ ಹೆಸರು ಎರಡೂ ಹೊಂದಿದರೂ ಸಾಲದು. ಹೆಂಡತಿಯ ಹೆಸರು, ಸರ್ವೆ ನಂಬರ್, ಮನೆದೇವರು, ಅಡ್ಡಹೆಸರು ಇವುಗಳಲ್ಲಿ ಎರಡಾದರೂ ಕೂಡಿಬರಬೇಕು. ಹೆಂಡತಿಯ ಹೆಸರಿನಲ್ಲೂ ಒಂದು ತೊಡಕಿದೆ, ಮದುವೆಯಲ್ಲಿ ಹೆಸರು ಬದಲಿಸುವ ಮನೆಗಳಲ್ಲಿ ತವರಿನ ಕಾಗದದ ಗಂಗವ್ವ ಗಂಡನ ಮನೆಯಲ್ಲಿ ಪಾರ್ವತವ್ವ. ವಯಸ್ಸನ್ನೂ ಲೆಕ್ಕ ಹಾಕಿ. ತಂದೆಗೂ ಮಗನಿಗೂ ಐವತ್ತು ವರ್ಷದ ಅಂತರ ಬಂದರೆ ನಡುವೆ ಒಂದು ತಲೆಮಾರು, ಈ ಸರತಿಯಲ್ಲಾದರೆ ಎರಡು, ನುಂಗಿಹೋಗಿರಬಹುದು. ಖಚಿತವಾಗದ ಕೊಂಡಿಯನ್ನು ಚುಕ್ಕೆಗೆರೆಯಲ್ಲಿ ಎಳೆಯಿರಿ, ಪಕ್ಕದಲ್ಲಿ ಯಾಕೆ ಅನುಮಾನ ಎಂದು ಒಂದು ಸಾಲು ಬರೆಯಿರಿ.

ಡಿಎನ್‌ಎ ಪರೀಕ್ಷೆ ಮಾಡಿಸಿದರೆ ಇದೆಲ್ಲ ತಾಪತ್ರಯ ತಪ್ಪುವುದಿಲ್ಲವೇ? (ಹ್ಯೂಸ್ಟನ್, ಅಮೆರಿಕ)

ತಪ್ಪುವುದಿಲ್ಲ. ಪರೀಕ್ಷೆ ಮಾಡಿಸಿದ ಇನ್ನೊಬ್ಬರು ನಿಮಗೆ ದಾಯಾದಿಯೋ ಸೋದರಸಂಬಂಧಿಯೋ ಆಗಿರಬಹುದು ಎಂದು ಅದು ಹೇಳುತ್ತದೆ, ಮುತ್ತಜ್ಜನ ಹೆಸರು ಹೇಳುವುದಿಲ್ಲ. ಸೋದರಮಾವ, ಅಕ್ಕನ ಮಗಳು ಎಂದು ಒಳಗೊಳಗೇ ಮದುವೆ ನಡೆದ ಮನೆತನಗಳಲ್ಲಿ ನಂಟು ಇರುವುದಕ್ಕಿಂತ ಹತ್ತಿರದ್ದೆಂದು ತೋರಿಸುತ್ತದೆ.

ಅಜ್ಜಿಗೆ ತೊಂಬತ್ತು ದಾಟಿದೆ. ಕೇಳಿದರೆ 'ಯಾವ ಇಸವಿಯೋ ಏನೋ' ಎನ್ನುತ್ತಾರೆ. ಏನು ಕೇಳಬೇಕು? (ಕಡೂರು)

ಇಸವಿ ಕೇಳಬೇಡಿ. 'ನಿಮ್ಮ ಮದುವೆಯಾದಾಗ ಸ್ವಾತಂತ್ರ್ಯ ಬಂದಿತ್ತೇ? ರೇಷನ್ ಇತ್ತೇ? ಆಗ ಮನೆಯಲ್ಲಿ ಎಷ್ಟು ಜನ ಉಣ್ಣುತ್ತಿದ್ದರು, ಸಾಲಾಗಿ ಕೂತವರು ಯಾರ್ಯಾರು?' ಎಂದು ಕೇಳಿ. ಉಣ್ಣುವ ಸಾಲು ನೆನಪಾದರೆ ಇಡೀ ಕೂಡುಕುಟುಂಬ ಕಣ್ಣಿಗೆ ಬರುತ್ತದೆ. 'ಮೊದಲ ಬಾಣಂತನಕ್ಕೆ ತವರಿಂದ ಕರೆದೊಯ್ಯಲು ಬಂದವರು ಯಾರು?' ಎಂಬುದು ತವರಿನ ಕಡೆಯ ಬಾಗಿಲು ತೆರೆಯುತ್ತದೆ. ಹೆಂಗಸರ ತವರೂರುಗಳು ಪಹಣಿಯಲ್ಲಿ ಎಲ್ಲೂ ಸಿಗುವುದಿಲ್ಲ, ಅಜ್ಜಿಯರ ಬಾಯಲ್ಲಿ ಮಾತ್ರ. ಹಾಗಾಗಿ ಈ ಕೆಲಸಕ್ಕೆ ರೆಕಾರ್ಡ್ ರೂಮಿಗಿಂತ ಅಜ್ಜಿಯ ಪಕ್ಕವೇ ಮೊದಲ ಜಾಗ.

ಅವರ ಅಜ್ಜಿ ಹೇಳಿದ ಮಾತಿನಲ್ಲಿ 'ಧಾತು ಈಶ್ವರದ ಬರ' ಬಂದರೆ ಅದು 1876-78ರ ದೊಡ್ಡ ಬರ. ಧಾತು, ಈಶ್ವರ ಎಂಬವು ಆ ಎರಡು ಸಂವತ್ಸರಗಳು. ಪ್ಲೇಗಿನ ಮಾತು ಬಂದರೆ 1898ರ ನಂತರದ ವರ್ಷಗಳು, ಆದರೆ ಪ್ಲೇಗು ಬೇರೆ ಬೇರೆ ಊರಿಗೆ ಮತ್ತೆ ಮತ್ತೆ ಬಂದದ್ದರಿಂದ ಅದೊಂದರ ಮೇಲೆ ವರ್ಷ ಕಟ್ಟಬೇಡಿ. ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿದ್ದು ಎಲ್ಲಿ ಎಂದು ಕೇಳಿ, ಆ ಹೊಲದ ಹೆಸರು ಇನ್ನೂ ಉಳಿದಿರುತ್ತದೆ.

ಒಂದು ಸಲಕ್ಕೆ ನಲವತ್ತು ನಿಮಿಷ ಸಾಕು, ಬೆಳಗಿನ ಕಾಫಿಯಾದ ಮೇಲೆ ಒಳ್ಳೆಯದು. ಫೋನನ್ನು ಫ್ಲೈಟ್ ಮೋಡಿನಲ್ಲಿಟ್ಟು ಮುದ್ರಿಸಿ, ಫ್ಯಾನ್ ಆರಿಸಿ. ಶುರುವಿನಲ್ಲೇ ದಿನ, ಊರು, ಯಾರು ಮಾತಾಡುತ್ತಿದ್ದಾರೆ ಎಂದು ನೀವೇ ಬಾಯಲ್ಲಿ ಹೇಳಿ. ಸೊಸೆಯಂದಿರು ನಡುವೆ 'ಹಾಗಲ್ಲ ಅತ್ತೆ' ಎಂದು ತಿದ್ದಿದರೆ ತಡೆಯಬೇಡಿ, ಆ ತಿದ್ದುಪಡಿಯೂ ದಾಖಲೆಯೇ. ಹಳೆಯ ಫೋಟೊ ಇದ್ದರೆ ಎದುರಿಗಿಟ್ಟು ಎಡದಿಂದ ಬಲಕ್ಕೆ ಹೆಸರು ಹೇಳಿಸಿ, ಆಗಲೇ ಪೆನ್ಸಿಲಿನಲ್ಲಿ ಹಿಂದೆ ಬರೆಯಿರಿ, ಬಾಲ್‌ಪೆನ್ ಬೇಡ.

ಇದನ್ನೆಲ್ಲ ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕುವ ಮುಂಚೆ ಬದುಕಿರುವವರ ಹುಟ್ಟಿದ ದಿನ ತೆಗೆದುಹಾಕಿ. ದತ್ತು, ಎರಡನೆಯ ಸಂಬಂಧದಂಥ ವಿಷಯ ಅಜ್ಜಿ ಹೇಳಿದ್ದರೆ ಅದನ್ನು ನಿಮ್ಮ ಪುಸ್ತಕದಲ್ಲಿ ಬರೆದಿಡಿ, ಗುಂಪಿಗೆ ಹಾಕಬೇಡಿ. ಮುದ್ರಣದ ಒಂದು ಪ್ರತಿ ಬೇರೆ ಊರಲ್ಲಿರುವ ನಂಟರ ಮನೆಯಲ್ಲೂ ಇರಲಿ.